ಪೊರೆಯೂ ಉಷ್ಣತೆಯೂ: ಇಂಧನಕೋಶ ಸಂಶೋಧನೆಯ ಒಂದು ವಿಮರ್ಶೆ

ಇಂಧನಕೋಶದ ಚರ್ಚೆಯಲ್ಲಿ ಜಲಜನಕದ ಪ್ರಶಂಸೆಗೆ ಸಲ್ಲುವಷ್ಟು ಸ್ಥಳ ಪೊರೆಯ ವಿಚಾರಕ್ಕೆ ಸಲ್ಲುವುದಿಲ್ಲ. ಕೋಶದ ಯೋಗ್ಯತೆ ನಿರ್ಧಾರವಾಗುವುದಾದರೋ ಬಹುಮಟ್ಟಿಗೆ ಪೊರೆಯಲ್ಲಿಯೇ. ಪ್ರೋಟಾನುಗಳನ್ನು ಮಾತ್ರ ದಾಟಿಸಿ, ಎಲೆಕ್ಟ್ರಾನುಗಳನ್ನು ಹೊರಗಣ ತಂತಿಯ ದಾರಿಗೆ ತಿರುಗಿಸಿ, ಎರಡು ಅನಿಲಗಳು ಬೆರೆಯದಂತೆ ತಡೆಯುವುದು ಅದರ ಕಾರ್ಯ. ಯಾವ ಯಾವ ಉಷ್ಣತೆಯಲ್ಲಿ ಅದು ಈ ಕಾರ್ಯವನ್ನು ನೆರವೇರಿಸಬಲ್ಲದೆಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಪಾಲಿಮರ್ ಪೊರೆಯನ್ನು ಕೋಶದಲ್ಲಿ ಬಳಸುವ ಮಾರ್ಗವನ್ನು 1955ರಲ್ಲಿ ತೋರಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಥಾಮಸ್ ಗ್ರಬ್. 1965ರಲ್ಲಿ ಜೆಮಿನಿ ನೌಕೆಯೊಡನೆ ಹಾರಿದ ಸಲ್ಫೋನೀಕೃತ ಪಾಲಿಸ್ಟೈರೀನಿನ ಪೊರೆ ಉತ್ಕರ್ಷಣಕ್ಕೆ ಬೇಗ ತುತ್ತಾಗುವಂಥದು. ಆ ದಶಕದ ಕೊನೆಯಲ್ಲಿ ಡ್ಯುಪಾಂಟಿನ ವಾಲ್ಟರ್ ಗ್ರೋಟ್ ರೂಪಿಸಿದ ನಾಫಿಯಾನ್ ಈ ಕೊರತೆಯನ್ನು ನೀಗಿತು. ಇಂಗಾಲ–ಫ್ಲೋರೀನ್ ಬಂಧಗಳು ಅದಕ್ಕೆ ಬಾಳಿಕೆಯನ್ನಿತ್ತವು. ಸಲ್ಫೋನಿಕ್ ಆಮ್ಲದ ಗುಂಪುಗಳು ನೀರನ್ನು ಹೀರಿ ಪ್ರೋಟಾನಿಗೆ ಕಾಲುವೆ ತೆರೆದವು. ಆದರೆ ಗುಣವಿದ್ದೆಡೆಯಲ್ಲೇ ದೋಷವೂ ಇದೆ. ನೀರಿದ್ದರೆ ಮಾತ್ರ ದಾರಿ. ಸುಮಾರು 80 ಡಿಗ್ರಿಯ ಮೇಲೆ ತೇವವನ್ನು ಕಾಯುವುದು ಕಷ್ಟ. 100 ಡಿಗ್ರಿ ದಾಟಿತೆಂದರೆ ಪೊರೆಯೊಣಗಿ ವಾಹಕತೆ ಕುಸಿಯುತ್ತದೆ.

ಹಾಗಾದರೆ 80 ಡಿಗ್ರಿಯಲ್ಲಿಯೇ ತೃಪ್ತರಾಗಬಾರದೇಕೆ? ಆ ಉಷ್ಣತೆಯಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಹತ್ತು ಪಾಲು ಇಂಗಾಲದ ಮಾನಾಕ್ಸೈಡು ಬೆರೆತರೂ ಪ್ಲಾಟಿನಂ ನಂಜೇರುತ್ತದೆ. ಅಲ್ಲದೆ, ಕೋಶಕ್ಕೂ ಹೊರಗಿನ ಗಾಳಿಗೂ ಉಷ್ಣಾಂತರ ಕಡಮೆಯಾದಷ್ಟೂ ರೇಡಿಯೇಟರು ದೊಡ್ಡದಾಗಬೇಕು. ಬೇಸಗೆಯಲ್ಲಿ 40 ಡಿಗ್ರಿ ಕಾಣುವ ನಮ್ಮ ಊರುಗಳಿಗೆ ಇದು ಸಣ್ಣ ಮಾತಲ್ಲ. 2020ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಓಡಿಸಿ ನೋಡಿದ ಕಾರಿನ ಕೋಶವೂ 65ರಿಂದ 75 ಡಿಗ್ರಿಯದೇ ಆಗಿತ್ತು.

1995ರಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಸಂಶೋಧಕರು ಪಾಲಿಬೆಂಜಿಮಿಡಜೋಲಿಗೆ ಫಾಸ್ಫಾರಿಕ್ ಆಮ್ಲವನ್ನು ಊಡಿಸಿ ಮತ್ತೊಂದು ಮಾರ್ಗವನ್ನು ಹಿಡಿದರು. ಈ ಪೊರೆ 160 ಡಿಗ್ರಿಯ ಸುಮಾರಿನಲ್ಲಿ ತೇವದ ಹಂಗಿಲ್ಲದೆ ದುಡಿಯುತ್ತದೆ. ಮಾನಾಕ್ಸೈಡು ನೂರಕ್ಕೊಂದು ಪಾಲಿದ್ದರೂ ಕೋಶ ತಾಳಿಕೊಳ್ಳುತ್ತದೆ. ಆದರೆ ಕೋಶ ತಣಿದು ಒಳಗೆ ನೀರು ದ್ರವವಾಗಿ ನಿಂತರೆ ಆಮ್ಲ ತೊಳೆದುಹೋಗುತ್ತದೆ. ದಿನಕ್ಕೆ ಹತ್ತು ಸಲ ನಿಂತು ಹೊರಡುವ ವಾಹನಕ್ಕೆ ಇದು ಒಗ್ಗದು.

ಒಂದು ಪೊರೆ ಬಿಸಿಗೆ ಹೆದರಿದರೆ ಇನ್ನೊಂದು ತಂಪಿಗೆ ಹೆದರುತ್ತದೆ. ಹೀಗಿರಲು, ಒಂದೇ ಉಷ್ಣತೆಯಲ್ಲಿ ಅಳೆದ ವಾಹಕತೆಯನ್ನು ಮುಂದಿಟ್ಟು ಪೊರೆಯ ಶ್ರೇಷ್ಠತೆಯನ್ನು ಸಾರುವ ಪದ್ಧತಿ ಸಮಂಜಸವೆನಿಸದು. 2016ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ತಂಡ ಅಮೋನಿಯಂ ಗುಂಪಿಗೂ ಬೈಫಾಸ್ಫೇಟಿಗೂ ಅಯಾನುಬಂಧ ಕಲ್ಪಿಸಿ, ಆಮ್ಲವನ್ನು ಹಿಂದಿಗಿಂತ ಬಿಗಿಯಾಗಿ ಹಿಡಿದಿಟ್ಟಿತು. 80ರಿಂದ 160 ಡಿಗ್ರಿಯವರೆಗೆ ಕೋಶ ನಡೆಯಿತು. ಆ ಕೆಲಸದ ಹಿರಿಮೆಯಿರುವುದು ಈ ಹರವಿನಲ್ಲಿ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. 2023ರಲ್ಲಿ ಯುರೋಪಿನ ಐದು ರಾಷ್ಟ್ರಗಳು ಫ್ಲೋರೀನ್ ಸಂಯುಕ್ತಗಳ ಒಂದು ದೊಡ್ಡ ವರ್ಗವನ್ನೇ ನಿರ್ಬಂಧಿಸುವ ಸಲಹೆಯನ್ನು ಮುಂದಿಟ್ಟವು. ನಾಫಿಯಾನಿನ ಕುಲವೂ ಆ ವರ್ಗದೊಳಗಿನದೇ. ಅದರ ಬಾಳಿಕೆಗೆ ಕಾರಣವಾದ ಬಂಧವೇ ನೆಲಜಲಗಳಲ್ಲಿ ಕೊಳೆಯದೆ ಉಳಿಯುವುದಕ್ಕೂ ಕಾರಣ. ಆದುದರಿಂದ ನಮ್ಮ ಪ್ರಯೋಗಶಾಲೆಗಳು ಹೊಸ ಪೊರೆಗೆ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಹರವಿನ ಉಷ್ಣತೆಯಲ್ಲಿ ನಡೆಯುತ್ತದೆ, ಎಷ್ಟು ಸಲ ಕಾದು ತಣಿದರೂ ಉಳಿಯುತ್ತದೆ, ಕೆಲಸ ಮುಗಿದಮೇಲೆ ಎಲ್ಲಿಗೆ ಹೋಗುತ್ತದೆ? ಇವಕ್ಕೆ ಉತ್ತರವೀಯದ ಅಂಕಿಗಳು, ಎಷ್ಟೇ ದೊಡ್ಡವಾದರೂ, ಅರ್ಧಸತ್ಯವನ್ನಷ್ಟೇ ಹೇಳುತ್ತವೆ.