ನೂರು ಗಂಟೆಯ ಆಟಗಳು: ರಸಿಕರಿಗೊಂದು ಕೈಪಿಡಿ

ಒಬ್ಬರೇ ಕೂತು ಆಡುವ ವಿಡಿಯೊ ಗೇಮ್‌ಗಳ ಉದ್ದವನ್ನು ಗಂಟೆಗಳಲ್ಲಿ ಹೇಳುವುದು ವಾಡಿಕೆ. ಈ ಲೆಕ್ಕದಲ್ಲಿ ಮೂರು ಬಗೆಯಿದೆ. ಮುಖ್ಯ ಕಥೆಯನ್ನಷ್ಟೇ ಹಿಡಿದು ಕೊನೆ ಮುಟ್ಟಲು ಬೇಕಾದ ಹೊತ್ತು ಒಂದು. ದಾರಿಯಲ್ಲಿ ಎದುರಾಗುವ ಸೈಡ್ ಕ್ವೆಸ್ಟ್‌ಗಳನ್ನೂ ಆಡುತ್ತ ಹೋದರೆ ಇನ್ನೊಂದು. ಮ್ಯಾಪಿನಲ್ಲಿ ಒಂದು ಗುರುತನ್ನೂ ಬಿಡದೆ ಮುಗಿಸುವುದು ಮೂರನೆಯದು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ಹೊರತಂದ ‘ದಿ ವಿಚರ್ 3’ ಮೊದಲನೆಯ ಲೆಕ್ಕದಲ್ಲಿ ಸುಮಾರು 50 ಗಂಟೆಯ ಆಟ, ಎರಡನೆಯದರಲ್ಲಿ 100ರ ಆಸುಪಾಸು, ಮೂರನೆಯದರಲ್ಲಿ 170 ದಾಟುತ್ತದೆ. ಯಾವ ಲೆಕ್ಕ ಎಂದು ಹೇಳದೆ ‘ಇದೇ ಅತಿ ಉದ್ದದ ಆಟ’ ಎಂದರೆ ಆ ಮಾತಿಗೆ ಅರ್ಥವಿಲ್ಲ.

ಮುಖ್ಯ ಕಥೆಯೇ ನೂರು ಗಂಟೆ ಹಿಡಿಯುವ ಆಟಗಳು ಹೆಚ್ಚಾಗಿ ಜಪಾನಿನವು. 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಡ್ರ್ಯಾಗನ್ ಕ್ವೆಸ್ಟ್ 7’ ಇದರ ಹಳೆಯ, ಒಳ್ಳೆಯ ಮಾದರಿ. ಅದರ ನಾಯಕ ಬೆಸ್ತರ ಹುಡುಗ. ಜಗತ್ತಿನಲ್ಲಿ ಇರುವುದು ತಮ್ಮದೊಂದೇ ದ್ವೀಪ ಎಂದು ಅವನ ಊರಿನವರು ನಂಬಿದ್ದಾರೆ. ಒಡೆದ ಶಿಲಾಫಲಕಗಳ ಚೂರುಗಳನ್ನು ಜೋಡಿಸಿದಾಗ ಅವನು ಹಿಂದಿನ ಕಾಲಕ್ಕೆ, ಕಾಣೆಯಾದ ದ್ವೀಪವೊಂದಕ್ಕೆ ಹೋಗುತ್ತಾನೆ. ಅಲ್ಲಿಯ ಜನರ ಸಂಕಟ ತೀರಿದ ಮೇಲೆ ಆ ದ್ವೀಪ ಇಂದಿನ ಸಮುದ್ರದಲ್ಲಿ ಮತ್ತೆ ಮೂಡುತ್ತದೆ. ಮೊದಲ ಕಾಳಗ ಬರುವುದಕ್ಕೇ ಕೆಲವು ಗಂಟೆ ಬೇಕು. ಅಷ್ಟು ಹೊತ್ತು ಆಟಗಾರ ಮಾಡುವುದು ಊರಿನವರ ಮಾತು ಕೇಳುವುದು, ಚೂರು ಹುಡುಕುವುದು, ಅಷ್ಟೆ. ಈ ನಿಧಾನಕ್ಕೆ ಬೇಸತ್ತವರು ಬಹಳ ಮಂದಿ. ಆದರೆ ಖಾಲಿ ಸಮುದ್ರವನ್ನು ಅಷ್ಟು ಹೊತ್ತು ನೋಡಿರುವುದರಿಂದಲೇ ಮೊದಲ ದ್ವೀಪ ಕಂಡಾಗ ಮನಸ್ಸು ಹಿಗ್ಗುತ್ತದೆ. ಹೊಸ ಯಂತ್ರಕ್ಕೆಂದು ಈ ಆಟವನ್ನು ಮರುರೂಪಿಸಿದಾಗ ಆರಂಭವನ್ನು ಮೊಟಕುಗೊಳಿಸಿದರು; ಅದರಿಂದ ವೇಗ ಬಂತು, ಆ ಹಿಗ್ಗು ಸ್ವಲ್ಪ ತಗ್ಗಿತು.

‘ಪರ್ಸೋನಾ 5’ ಉದ್ದವನ್ನು ಬೇರೆ ರೀತಿಯಲ್ಲಿ ದುಡಿಸಿಕೊಳ್ಳುತ್ತದೆ. ಜಪಾನಿನಲ್ಲಿ 2016ರಲ್ಲಿ ಬಂದ ಈ ಆಟ, ಅದರ ವಿಸ್ತೃತ ರೂಪ ‘ರಾಯಲ್’, ಎರಡೂ ಕ್ಯಾಲೆಂಡರ್ ಪ್ರಕಾರ ನಡೆಯುತ್ತವೆ. ಏಪ್ರಿಲ್‌ನಲ್ಲಿ ಟೋಕಿಯೊಗೆ ಬಂದ ಹುಡುಗನೊಬ್ಬ ಕಾಫಿ ಅಂಗಡಿಯ ಅಟ್ಟದಲ್ಲಿ ಉಳಿದು ಶಾಲೆಗೆ ಹೋಗುತ್ತಾನೆ. ಸಾಮಾನ್ಯವಾಗಿ ದಿನಕ್ಕೆ ಎರಡು ಬಿಡುವು: ಶಾಲೆ ಬಿಟ್ಟ ಮೇಲೆ ಒಂದು, ಸಂಜೆ ಒಂದು. ಗೆಳೆಯರ ಜೊತೆ ಹೋಗಬೇಕೋ, ಪರೀಕ್ಷೆಗೆ ಓದಬೇಕೋ, ಪಾರ್ಟ್‌ಟೈಮ್ ಕೆಲಸಕ್ಕೆ ಹೋಗಬೇಕೋ ಎಂದು ಆಟಗಾರ ಆರಿಸಿಕೊಳ್ಳಬೇಕು. ಕಳೆದ ಸಂಜೆ ತಿರುಗಿ ಬರುವುದಿಲ್ಲ. ನೂರು ಗಂಟೆ ಇದ್ದರೂ ಸಮಯ ಸಾಲದು ಅನ್ನಿಸುವುದು ಈ ಆಟದ ದೊಡ್ಡ ಸಾಧನೆ. ಎಲ್ಲ ಗೆಳೆತನವನ್ನೂ ಪೂರ್ಣಗೊಳಿಸಲು ಗೈಡ್ ಮುಂದಿಟ್ಟುಕೊಂಡು ಆಡುವವರು ಇದನ್ನೇ ಕಳೆದುಕೊಳ್ಳುತ್ತಾರೆ.

ಓಪನ್ ವರ್ಲ್ಡ್ ಆಟಗಳಲ್ಲಿ ಉದ್ದವೆಂದರೆ ಬಹುಪಾಲು ಉಪಕಥೆಗಳ ಮೊತ್ತ. ಒಳ್ಳೆಯ ಆಟದಲ್ಲಿ ಮುಖ್ಯ ಕಥೆಯೂ ಉಪಕಥೆಯ ತಾಳ್ಮೆಯಿಂದ ನಡೆಯುತ್ತದೆ. ‘ವಿಚರ್ 3’ರಲ್ಲಿ ಗೆರಾಲ್ಟ್ ತನ್ನ ಸಾಕುಮಗಳಂಥ ಸಿರಿಯನ್ನು ಹುಡುಕಿಕೊಂಡು ವೆಲೆನ್ ಪ್ರಾಂತ್ಯದ ಬ್ಯಾರನ್ ಬಳಿಗೆ ಬರುತ್ತಾನೆ. ತನ್ನ ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಅವರನ್ನು ಹುಡುಕಿಕೊಟ್ಟರೆ ಸುದ್ದಿ ಹೇಳುತ್ತೇನೆ ಎಂಬುದು ಅವನ ಷರತ್ತು. ವಿಚಾರಿಸುತ್ತ ಹೋದಂತೆ ಬ್ಯಾರನ್ ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದನೆಂದೂ, ಅವಳಿಗೆ ಗರ್ಭಪಾತವಾಗಿತ್ತೆಂದೂ ತಿಳಿಯುತ್ತದೆ. ಸಂಸ್ಕಾರವಿಲ್ಲದೆ ಹೂತ ಆ ಭ್ರೂಣ ಪಿಶಾಚಿಯಾಗಿದೆ. ಅದನ್ನು ಕೊಲ್ಲಬಹುದು, ಇಲ್ಲವೇ ಬ್ಯಾರನ್ ಅದನ್ನು ಕೈಯಲ್ಲೆತ್ತಿಕೊಂಡು ಕತ್ತಲಲ್ಲಿ ನಡೆದು, ಹೆಸರಿಟ್ಟು, ಮನೆಯ ಹೊಸಿಲ ಬುಡದಲ್ಲಿ ಹೂಳಬಹುದು. ಆ ನಡಿಗೆಯುದ್ದಕ್ಕೂ ಆಟಗಾರ ಅವನ ಕಾವಲಿಗೆ ಜೊತೆಯಲ್ಲಿರುತ್ತಾನೆ. ಇಂಥ ಕಡೆ ಓಡಬಾರದು. ಮಾತುಗಳನ್ನು ಸ್ಕಿಪ್ ಮಾಡಿದರೆ ಉಳಿಯುವುದು ಬರೀ ಕತ್ತಿ ಬೀಸುವ ಕೆಲಸ.

ಹೊಟ್ಟೆ ತುಂಬದ ಗಂಟೆಗಳೂ ಉಂಟು. ‘ಬಾಟೆನ್ ಕೈಟೋಸ್’ ಆಟದಲ್ಲಿ ಶಾಂಪೂ ಕಾರ್ಡೊಂದು ಸೊಗಸಾದ ಕೂದಲಿನ ಕಾರ್ಡಾಗಿ ಬದಲಾಗಲು ಆಟ 336 ಗಂಟೆ ಓಡಬೇಕು, ಅಂದರೆ ಎರಡು ವಾರ ಪೂರ್ತಿ. ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ 900 ಕೊರೊಕ್ ಬೀಜಗಳನ್ನು ಅಡಗಿಸಿಟ್ಟಿದ್ದಾರೆ, ಅಷ್ಟನ್ನೂ ಕೂಡಿಹಾಕಿದವರಿಗೆ ಸಿಗುವುದು ಸಗಣಿಯುಂಡೆಯಂತೆ ಕಾಣುವ ಚಿನ್ನದ ಉಡುಗೊರೆ. ಬೀಜಗಳಿರುವುದು ಅಲೆದಾಡುವವರಿಗೆ ಆಗಾಗ ಎದುರಾಗಲೆಂದು. ಲೆಕ್ಕ ಮುಗಿಸಬೇಕಾದ ಅಗತ್ಯವೇ ಇಲ್ಲ.

ಕಾಯುವುದನ್ನೇ ಆಟವಾಗಿಸಿದ್ದು ಜರ್ಮನಿಯ ಸ್ಟುಡಿಯೊ ಸೋಯ್ಫ್ಸ್ 2020ರಲ್ಲಿ ತಂದ ‘ದಿ ಲಾಂಗಿಂಗ್’. ನೆಲದಡಿಯ ರಾಜ 400 ದಿನ ಮಲಗುತ್ತಾನೆ, ಅವನ ನೆರಳಿನಂಥ ಸೇವಕ ಅಷ್ಟು ದಿನ ಕಾಯಬೇಕು. ಗಡಿಯಾರ ನಿಜಕಾಲದಲ್ಲೇ ಓಡುತ್ತದೆ, ಕಂಪ್ಯೂಟರ್ ಆರಿಸಿದರೂ ನಿಲ್ಲುವುದಿಲ್ಲ. ಸೇವಕ ತನ್ನ ಕೋಣೆಯನ್ನು ಅಣಿಗೊಳಿಸಿಕೊಂಡಷ್ಟೂ ಅಲ್ಲಿ ಕಾಲ ಬೇಗ ಸರಿಯುತ್ತದೆ. ‘ಮೋಬಿ ಡಿಕ್’ ಕಾದಂಬರಿಯನ್ನು ಆಟದೊಳಗೇ ಓದಬಹುದು. ಕಾಯದೆ ಹೊರಟುಹೋಗುವ ದಾರಿಯೂ ಇದೆ.

ಹೊಸಬರು ‘ವಿಚರ್ 3’ರಿಂದ ಶುರುಮಾಡುವುದು ಸಲೀಸು. ಅದರ ಕ್ವೆಸ್ಟ್‌ಗಳನ್ನು ಒಂದೊಂದು ಸಂಜೆಗೆ ಹಂಚಿಕೊಳ್ಳಬಹುದು. ಕಾಳಗ ಕಷ್ಟವಾದರೆ ಕಥೆಗೆಂದೇ ಇರುವ ಅತಿ ಸುಲಭದ ಮಟ್ಟಕ್ಕೆ ಇಳಿಯಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ನಡುವೆ ಕೆಲವು ವಾರ ಬಿಟ್ಟು ಬಂದರೂ ತೊಂದರೆಯಿಲ್ಲ: ಸೇವ್ ತೆರೆಯುವಾಗ ಗೆರಾಲ್ಟನ ಗೆಳೆಯ, ಕವಿ ಡ್ಯಾಂಡಿಲಯನ್ ಕಥೆ ಎಲ್ಲಿಗೆ ಬಂದಿತ್ತೆಂದು ಹೇಳುತ್ತಾನೆ.