ಎಂಜಿ ಕಾರಿನ ಜೀರ್ಣೋದ್ಧಾರ: ಏನು ಬದಲಾಗಬೇಕು, ಏನು ಉಳಿಯಬೇಕು

1955ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಎ ಎಂಬ ಇಬ್ಬರು ಕೂರುವ ತೆರೆದ ಕಾರಿಗೂ, ಕೋಲಾರ, ಮುಳಬಾಗಿಲು ಕಡೆ ಬಾಡಿಗೆಗೆ ಓಡಿದ ಅಂಬಾಸಿಡರ್‌ಗೂ ನಂಟಿದೆ. ಎರಡರ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್, ಎರಡೂ 1489 ಸಿಸಿ. ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ 1959ರಿಂದ ಇದೇ ಎಂಜಿನ್ನನ್ನು ಅಂಬಾಸಿಡರ್‌ಗೆ ಕೂರಿಸಿತು. ಎಂಜಿಎಗೆ ಎರಡು ಎಸ್‌ಯು ಕಾರ್ಬುರೇಟರ್, ಅಂಬಾಸಿಡರ್‌ಗೆ ಒಂದು. ಅದಕ್ಕೆ ನೆಲದಿಂದ ಎದ್ದ ಗೇರು, ಇದಕ್ಕೆ ಸ್ಟೀರಿಂಗ್ ಪಕ್ಕದ ಗೇರು. ಶಕ್ತಿಯಲ್ಲಿ, ಕಂಪ್ರೆಷನ್ನಿನಲ್ಲಿ ವ್ಯತ್ಯಾಸವಿದ್ದರೂ ಹೆಡ್ಡು ಬಿಚ್ಚುವ ಕೈಗೆ, ವಾಲ್ವ್ ಸದ್ದು ಕೇಳುವ ಕಿವಿಗೆ ಎರಡೂ ಒಂದೇ ಮನೆತನ.

ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಜೀರ್ಣೋದ್ಧಾರವೆಂದರೆ ಮಹಾನಗರದ ಶ್ರೀಮಂತರ ಹವ್ಯಾಸ, ನಮ್ಮ ಕಡೆಯ ಗ್ಯಾರೇಜಿಗೆ ಅದು ಎಟುಕದು ಎಂಬ ಭಾವನೆ ಇದೆ. ಈ ನಂಟು ಆ ಭಾವನೆಯನ್ನು ಬುಡದಲ್ಲೇ ಅಲುಗಿಸುತ್ತದೆ. ಮೂಲೆಗೆ ಬಿದ್ದ ಇಂಥ ಕಾರಿಗೆ ಜೀವ ತುಂಬಲು ಬೇಕಾದ ವಿದ್ಯೆಯ ಬಹುಪಾಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಲೇತ್ ಅಂಗಡಿಗಳಲ್ಲಿ, ರೇಡಿಯೇಟರ್ ಶೆಡ್ಡುಗಳಲ್ಲಿ, ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಇದೆ. ಹಾಗಾಗಿ ಈ ಕೆಲಸ ಇಲ್ಲಿ ಆಗುತ್ತದೆಯೇ ಎನ್ನುವುದಕ್ಕಿಂತ ಹೇಗೆ ಆಗಬೇಕು ಎಂಬುದೇ ಮುಖ್ಯವಾದ ಪ್ರಶ್ನೆ. ಹಳೆಯ ಕಾರುಗಳನ್ನು ಎಬ್ಬಿಸಿ ನಿಲ್ಲಿಸುವ ಉತ್ಸಾಹ ಈಗ ಕಾಣುತ್ತಿದೆ, ಅದು ಸಂತೋಷದ ಸಂಗತಿ. ಆ ಉತ್ಸಾಹ ಹಿಡಿದಿರುವ ಎರಡು ದಾರಿಗಳು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲನೆಯದು ಹೊಳಪಿನ ದಾರಿ. ಕಾರನ್ನು ತಂದು, ತುಕ್ಕನ್ನು ಮೇಲ್ಮೇಲೆ ಉಜ್ಜಿ, ತೂತುಗಳಿಗೆ ಪುಟ್ಟಿ ಮೆತ್ತಿ, ಮೇಲೆ ಕಾರ್ಖಾನೆಯಲ್ಲೂ ಕಾಣದಷ್ಟು ದಪ್ಪ ಬಣ್ಣ ಹೊಡೆದು, ಸಿಕ್ಕ ಸಿಕ್ಕ ಲೋಹಕ್ಕೆಲ್ಲ ಕ್ರೋಮ್ ಹಾಕಿಸುವುದು. ಕೆತ್ತನೆಯ ಕಲ್ಲಿನ ಗುಡಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಆಯಿಲ್ ಪೇಂಟ್ ಬಳಿದು, ಶಾಸನದ ಮೇಲೆ ಟೈಲ್ಸ್ ಕೂರಿಸುವುದನ್ನು ನಾವು ಊರೂರಲ್ಲಿ ಕಂಡಿದ್ದೇವೆ. ಭಕ್ತಿಗೆ ಕೊರತೆಯಿಲ್ಲದೆಯೇ ಅಲ್ಲಿ ಗುಡಿಯ ಚರಿತ್ರೆ ಅಳಿಸಿಹೋಗುತ್ತದೆ. ಇಲ್ಲಿ ಆಗುವುದೂ ಅದೇ.

ಎಂಜಿಎ ಮೈಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದರ ಬಾಗಿಲಿನ ಹೊರಹಾಳೆ, ಬಾನೆಟ್ಟು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್. ಉಳಿದ ಮೈ ಉಕ್ಕು. ತೆರೆದ ಮಾದರಿಯ ಬಾಗಿಲಿಗೆ ಹೊರಗೆ ಹಿಡಿಕೆಯೇ ಇಲ್ಲ, ಒಳಗೆ ಕೈ ಹಾಕಿ ತಂತಿ ಎಳೆದು ತೆರೆಯಬೇಕು. ಕಾಲಡಿಯ ನೆಲ ಪ್ಲೈವುಡ್ ಹಲಗೆ. ಸೀಟಿನ ಹಿಂದೆ, ಕಾರಿನ ಹೊಟ್ಟೆಯೊಳಗೆ, ಆರು ವೋಲ್ಟಿನ ಎರಡು ಬ್ಯಾಟರಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಹಲಗೆಗೆ ಗೆದ್ದಲು ಹಿಡಿಯುತ್ತದೆ, ಬ್ಯಾಟರಿಯ ಆಸಿಡ್ ಇಳಿದು ಅದರ ತಟ್ಟೆ ತಿಂದುಹೋಗುತ್ತದೆ, ಬಾಗಿಲಿನ ಕೆಳಗಿನ ಉಕ್ಕಿನ ಪಟ್ಟಿಗಳಲ್ಲಿ ನೀರು ನಿಂತು ಒಳಗಿನಿಂದಲೇ ತುಕ್ಕು ಏರುತ್ತದೆ. ಹೊರಗಿನ ಬಣ್ಣ ಇದಾವುದನ್ನೂ ಹೇಳುವುದಿಲ್ಲ. ಒಳ್ಳೆಯ ಟಿಂಕರ್ ಮೊದಲು ಹಲಗೆ ಎತ್ತಿ, ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಾನೆ. ಗಟ್ಟಿ ಉಕ್ಕು ಖಣ್ ಎನ್ನುತ್ತದೆ, ಸತ್ತ ಉಕ್ಕು ಮಂಕಾಗಿ ಸದ್ದು ಮಾಡುತ್ತದೆ. ಸತ್ತಷ್ಟನ್ನು ಮಾತ್ರ ಕತ್ತರಿಸಿ, ಅದೇ ದಪ್ಪದ ಹಾಳೆಯನ್ನು ಮಡಿಸಿ ವೆಲ್ಡ್ ಮಾಡುವುದು ಜೀರ್ಣೋದ್ಧಾರ. ಸತ್ತ ಉಕ್ಕಿನ ಮೇಲೆ ಪುಟ್ಟಿ ಮೆತ್ತುವುದು ಮುಂದಿನ ಮಾಲೀಕನಿಗೆ ಮಾಡುವ ಮೋಸ, ಕಾರಿನಲ್ಲಿ ಕೂತವನ ಜೀವಕ್ಕೆ ಅಪಾಯ.

ಎರಡನೆಯದು ಎಂಜಿನ್ ಕಿತ್ತೆಸೆಯುವ ದಾರಿ. ಹಳೆಯ ಮೈಯೊಳಗೆ ಹೊಸ ಜಪಾನಿ ಎಂಜಿನ್ನನ್ನೋ ಡೀಸೆಲ್ ಎಂಜಿನ್ನನ್ನೋ ಕೂರಿಸುವುದು. ಈಚೆಗೆ ಬ್ಯಾಟರಿ, ಮೋಟಾರು ಕೂರಿಸುವುದು. ಪೆಟ್ರೋಲು ಉಳಿಯುತ್ತದೆ, ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ದೊಡ್ಡ ಕಂಪನಿಗಳೂ ಇದಕ್ಕೆ ಕೈ ಹಾಕಿದವು. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರನ್ನು ಜಾಗ್ವಾರ್ ಕಂಪನಿಯೇ ವಿದ್ಯುತ್ ಕಾರಾಗಿಸಿ 2017ರಲ್ಲಿ ಇ-ಟೈಪ್ ಝೀರೋ ಎಂದು ತೋರಿಸಿತು. ಹಳೆಯ ಆರು ಸಿಲಿಂಡರಿನ ಎಂಜಿನ್ ಕೂರುತ್ತಿದ್ದ ಜಾಗದಲ್ಲೇ 40 ಕಿಲೋವ್ಯಾಟ್-ಅವರ್ ಬ್ಯಾಟರಿ ಕೂರಿಸಿತ್ತು. ಬೇಕೆಂದಾಗ ಹಳೆಯ ಎಂಜಿನ್ನನ್ನು ಮರಳಿ ಹಾಕಬಹುದಾದ ಜೋಡಣೆ ಅದು. 2019ರಲ್ಲಿ ಕಂಪನಿ ಆ ಯೋಜನೆಯನ್ನು ತಡೆಹಿಡಿಯಿತು. ಹಳೆಯ ವಾಹನಗಳ ಜಾಗತಿಕ ಒಕ್ಕೂಟವಾದ ಫಿವಾ ಕೂಡ ಅದೇ ವರ್ಷ ತನ್ನ ನಿಲುವು ಹೇಳಿತು. ವಿದ್ಯುತ್ತಿಗೆ ಬದಲಾದ ಕಾರನ್ನು ಐತಿಹಾಸಿಕ ವಾಹನವೆಂದು ಕರೆಯಲಾಗದು, ಬದಲಿಸುವವರು ಮೂಲ ಭಾಗಗಳನ್ನು ಜೋಪಾನ ಮಾಡಲಿ ಎಂಬುದು ಅದರ ಸಾರ.

ಫಿವಾ ಮಾತು ನನಗೆ ಒಪ್ಪಿಗೆ. ಬಿ ಸೀರೀಸ್ ಎಂಜಿನ್ ಮುಂದೆ ನಿಂತು ನೋಡಿದರೆ ಕಾರಣ ತಿಳಿಯುತ್ತದೆ. ಎಸ್‌ಯು ಕಾರ್ಬುರೇಟರಿನ ಒಳಗೆ ಒಂದು ಪಿಸ್ಟನ್, ಅದಕ್ಕೆ ಚೂಪಾಗುತ್ತ ಇಳಿಯುವ ಒಂದು ಸೂಜಿ. ಗಾಳಿ ಹೆಚ್ಚು ಎಳೆದಂತೆ ಪಿಸ್ಟನ್ ಮೇಲೇರುತ್ತದೆ, ಸೂಜಿಯ ಸುತ್ತ ಪೆಟ್ರೋಲಿನ ದಾರಿ ಅಗಲವಾಗುತ್ತದೆ. ಮೇಲಿನ ಬುರುಡೆಯಲ್ಲಿರುವ ಒಂದಿಷ್ಟು ಎಣ್ಣೆ ಆ ಏರಿಕೆಯನ್ನು ನಿಧಾನಗೊಳಿಸುತ್ತದೆ. ಎರಡು ಕಾರ್ಬುರೇಟರ್ ಇರುವಲ್ಲಿ ಎರಡೂ ಸಮನಾಗಿ ಉಸಿರಾಡಬೇಕು. ಅದನ್ನು ಹೊಂದಿಸುವ ಮೆಕ್ಯಾನಿಕ್ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದು ಬಾಯಿಗೂ ಹಿಡಿದು, ಗಾಳಿಯ ಸೀಟಿ ಒಂದೇ ಆಗುವ ತನಕ ಸ್ಕ್ರೂ ತಿರುಗಿಸುತ್ತಾನೆ. ಕಂಪ್ಯೂಟರಿಲ್ಲದೆ ಒಂದು ಯಂತ್ರವನ್ನು ಅರಿಯುವ ವಿದ್ಯೆ ಇದು. ಎಂಜಿನ್ ಹೊರಗೆ ಹೋದರೆ ಈ ವಿದ್ಯೆಗೂ ಕೆಲಸವಿಲ್ಲ. ಉಳಿಯುವುದು ಚಂದದ ತಗಡಿನ ಅಂಗಿ ಮಾತ್ರ.

ಹಾಗೆಂದು ಹಳೆಯದು ಹೇಗಿತ್ತೋ ಹಾಗೇ ಇರಲಿ ಎಂಬ ಹಟವೂ ತಪ್ಪು. ಮುಳಬಾಗಿಲಿನ ಮೂಲಕ ಸಾಗುವ ಹೆದ್ದಾರಿಯಲ್ಲಿ ಇಂದು ಕಂಟೇನರ್ ಲಾರಿಗಳು ಬೆನ್ನಿಗೆ ಬೀಳುತ್ತವೆ. ಮಾಲೂರು ಪಕ್ಕದಿಂದ ಹೋಗುವ ಹೊಸ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ವೇಗ ಇನ್ನೂ ಹೆಚ್ಚು. ಮೊದಲ ಎಂಜಿಎಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅದೂ ಒಂದೇ ಪೈಪಿನ ಸಾಲು; ಎಲ್ಲಾದರೂ ಒಂದು ಕಡೆ ಪೈಪು ಒಡೆದರೆ ಪೆಡಲು ನೆಲ ಮುಟ್ಟುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕು. ಕಂಪನಿಯೇ 1959ರ ಎಂಜಿಎ 1600 ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಕೊಟ್ಟಿತು. ಆ ಡಿಸ್ಕನ್ನು ಹಳೆಯ ಕಾರಿಗೆ ಹಾಕುವುದರಿಂದ ಚರಿತ್ರೆಗೆ ಧಕ್ಕೆಯಿಲ್ಲ. ಬ್ರೇಕಿನ ಸಾಲನ್ನು ಎರಡಾಗಿಸುವುದು, ಚಾಸಿಗೆ ಬಿಗಿದ ಸೀಟ್ ಬೆಲ್ಟು ಹಾಕುವುದು, ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ತೆಗೆದು ಹೊಸ ವೈರಿಂಗ್ ಮಾಡಿ ಒಂದೊಂದು ಸಾಲಿಗೂ ಫ್ಯೂಸು ಕೊಡುವುದು, ಇವೆಲ್ಲ ಆಗಲೇಬೇಕಾದ ಕೆಲಸ. ಇಡೀ ಕಾರಿಗೆ ಎರಡೇ ಫ್ಯೂಸು ಇದ್ದ ಕಾಲದ ವೈರಿಂಗನ್ನು ಪೆಟ್ರೋಲ್ ಟ್ಯಾಂಕಿನ ಪಕ್ಕ ಹಾಗೇ ಬಿಡುವುದು ನಿಷ್ಠೆ ಎನಿಸಿಕೊಳ್ಳುವುದಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. 2000ರಲ್ಲಿ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಸೀಸದ ಲೇಪವನ್ನೇ ನಂಬಿದ್ದ ಹಳೆಯ ಎರಕದ ಹೆಡ್ಡುಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯತೊಡಗುತ್ತದೆ, ಗಟ್ಟಿ ಉಕ್ಕಿನ ಸೀಟು ಕೂರಿಸಬೇಕು. ಈಗ ಪಂಪುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಹಳೆಯ ರಬ್ಬರ್ ಪೈಪನ್ನು, ಕಾರ್ಕಿನ ಪ್ಯಾಕಿಂಗನ್ನು ತಿನ್ನುತ್ತದೆ. ತೇವ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹುಟ್ಟುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಬಿದ್ದಂತಾಗಿ ಎಂಜಿನ್ ಬಿಸಿಯೇರುತ್ತದೆ. ಕೋಲಾರದ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಎಥನಾಲ್ ತಡೆಯುವ ಪೈಪು, ಪಂಪಿಗೆ ಹೊಸ ಡಯಾಫ್ರಮ್, ಕಾರ್ಬುರೇಟರಿಗೆ ಪೆಟ್ರೋಲು ಹೆಚ್ಚು ಬಿಡುವ ಸೂಜಿ, ರೇಡಿಯೇಟರಿಗೆ ಕಣ್ಣಿಗೆ ಬೀಳದ ಹಾಗೆ ಒಂದು ಎಲೆಕ್ಟ್ರಿಕ್ ಫ್ಯಾನು ಇದ್ದರೆ ಕಾರು ಇಂದಿನ ರಸ್ತೆಗೆ ಸಿದ್ಧ. ಗಮನಿಸಿ, ಇವುಗಳಲ್ಲಿ ವಾಲ್ವ್ ಸೀಟೊಂದನ್ನು ಬಿಟ್ಟರೆ ಉಳಿದೆಲ್ಲವನ್ನೂ ಸ್ಪ್ಯಾನರ್ ಹಿಡಿದು ಬಿಚ್ಚಿ ಕಾರನ್ನು ಮೂಲಕ್ಕೆ ಮರಳಿಸಬಹುದು. ನನ್ನ ಅಳತೆಗೋಲು ಇದೇ: ಜೀವ ಕಾಯುವುದು, ಎಂಜಿನ್ ಕಾಯುವುದು ಹೊಸದಾಗಲಿ; ಆದರೆ ಮೂಲಕ್ಕೆ ಮರಳುವ ದಾರಿ ಮುಚ್ಚದಿರಲಿ.

ನಮ್ಮ ಕಾನೂನು ಈ ಅಳತೆಗೋಲಿಗೆ ಎಷ್ಟು ಹತ್ತಿರವಿದೆ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ಚಾಸಿ, ಮೈ, ಎಂಜಿನ್ ಈ ಮೂರನ್ನು ಕಾರಿನ ತಿರುಳೆಂದು ಗುರುತಿಸಿದ್ದು ನಿಜಕ್ಕೂ ವಿವೇಕದ ಕೆಲಸ. ಆದರೆ ಹೀಗೆ ನೋಂದಣಿಯಾದ ಕಾರು ಪ್ರದರ್ಶನಕ್ಕೆ, ರ್‍ಯಾಲಿಗೆ, ಸಂಶೋಧನೆಗೆ, ರಿಪೇರಿಗೆ, ಪೆಟ್ರೋಲು ತುಂಬಿಸುವುದಕ್ಕೆ ಹೊರತು ರಸ್ತೆಗಿಳಿಯುವಂತಿಲ್ಲ. ಓಡದ ಯಂತ್ರದ ಸೀಲುಗಳು ಒಣಗುತ್ತವೆ, ಬ್ರೇಕಿನ ಸಿಲಿಂಡರು ಹಿಡಿದುಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಕೋಲಾರದಿಂದ ಕುರುಡುಮಲೆ ತನಕ ಹೋಗಿ ಬರುವಷ್ಟು ಅವಕಾಶವಾದರೂ ನಿಯಮದಲ್ಲಿ ಇರಬೇಕು. ಬ್ರೇಕು, ವೈರಿಂಗ್, ಸೀಟ್ ಬೆಲ್ಟಿನಂಥ ಸುರಕ್ಷತೆಯ ಬದಲಾವಣೆಗಳು ಮೂಲ ರೂಪಕ್ಕೆ ಅಡ್ಡಿಯಲ್ಲವೆಂದು ಸ್ಪಷ್ಟವಾಗಿ ಬರೆದರೆ, ಅವನ್ನು ಹಾಕಿಸಲು ಮಾಲೀಕರು ಹಿಂಜರಿಯುವುದೂ ತಪ್ಪುತ್ತದೆ.

ಕಾನೂನಿಗಿಂತ ನನಗೆ ಹೆಚ್ಚು ಕಳವಳ ತರುವುದು ಕೈಗಳ ಪ್ರಶ್ನೆ. ಈ ಜಿಲ್ಲೆಗೆ ಯಂತ್ರವಿದ್ಯೆ ನಿನ್ನೆ ಮೊನ್ನೆ ಬಂದದ್ದಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೆಜಿಎಫ್ ಚಿನ್ನದ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳ ಪಂಪು, ವಿಂಚು, ಕಂಪ್ರೆಸರುಗಳನ್ನು ನಡೆಸಿಕೊಂಡು ಹೋಗಲು ಫಿಟ್ಟರು, ಟರ್ನರು, ಎಲೆಕ್ಟ್ರಿಷಿಯನ್ನರ ತಲೆಮಾರುಗಳೇ ಬೆಳೆದವು. 1964ರಲ್ಲಿ ಭಾರಿ ಯಂತ್ರಗಳನ್ನು ಮಾಡುವ ಬೆಮೆಲ್ ಹುಟ್ಟಿ, ಕೆಜಿಎಫ್‌ನಲ್ಲಿ ಆ ವಿದ್ಯೆಗೆ ಇನ್ನೊಂದು ಮನೆ ಸಿಕ್ಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇನ್ನು ಹೊಲದ ಕಡೆ ನೋಡಿದರೆ, ವರ್ಷವಿಡೀ ಹರಿಯುವ ನದಿಯಿಲ್ಲದ ಈ ತಾಲ್ಲೂಕುಗಳ ಬದುಕು ನಿಂತಿರುವುದು ಬೋರ್‌ವೆಲ್ ಮೇಲೆ. ಶ್ರೀನಿವಾಸಪುರದ ಮಾವಿನ ತೋಟವಾಗಲಿ ಮಾಲೂರಿನ ಹೂವಿನ ತೋಟವಾಗಲಿ, ಮೋಟಾರು ಸುಟ್ಟರೆ ಅದೇ ದಿನ ವೈಂಡಿಂಗ್ ಆಗಬೇಕು. ಆ ಅಂಗಡಿಯ ಹುಡುಗನಿಗೆ ಹಳೆಯ ಕಾರಿನ ಲೂಕಾಸ್ ಡೈನಮೋ, ಸೆಲ್ಫ್ ಮೋಟಾರು ಹೊಸ ಸಂಗತಿಯೇನಲ್ಲ. ತಾಮ್ರದ ತಂತಿಯ ಅಳತೆ, ಸುತ್ತಿನ ಲೆಕ್ಕ, ವಾರ್ನಿಷು ಇಷ್ಟು ಅರಿತವನು ಅದನ್ನೂ ಸುತ್ತುತ್ತಾನೆ.

ನರಸಾಪುರದಲ್ಲಿ ಈಗ ಹೋಂಡಾದಂಥ ದೊಡ್ಡ ಕಾರ್ಖಾನೆಗಳಿವೆ. ಸಾವಿರಾರು ಮನೆಗಳ ಒಲೆ ಅವುಗಳಿಂದ ಉರಿಯುತ್ತದೆ, ಅವು ಬೇಕು. ಆದರೆ ಜೋಡಣೆಯ ಸಾಲಿನಲ್ಲಿ ಕಲಿಯುವುದು ಹೊಸ ಭಾಗವನ್ನು ಕೂರಿಸುವ ಕೆಲಸ. ಕೆಟ್ಟ ಭಾಗವನ್ನು ಬಿಚ್ಚಿ, ಕಾರಣ ಹುಡುಕಿ, ಮತ್ತೆ ಮಾಡುವ ವಿದ್ಯೆಗೆ ಬೇರೆಯದೇ ಗುರುಗಳು ಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಬಿ ಸೀರೀಸ್ ಬಲ್ಲ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ. ಇಂದು ಎಬ್ಬಿಸಿ ನಿಲ್ಲಿಸುವ ಪ್ರತಿ ಹಳೆಯ ಕಾರೂ ಅವರಿಂದ ಕಲಿಯಲು ಸಿಗುವ ಅವಕಾಶ.

ಆದ್ದರಿಂದ ಒಂದು ಜೀರ್ಣೋದ್ಧಾರ ಒಳ್ಳೆಯದೋ ಅಲ್ಲವೋ ಎಂದು ನಿರ್ಣಯಿಸುವಾಗ ನಾನು ಬಣ್ಣದ ಹೊಳಪು ನೋಡುವುದಿಲ್ಲ, ರ್‍ಯಾಲಿಯಲ್ಲಿ ಬಂದ ಬಹುಮಾನವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿರುಳು ಉಳಿದಿದೆಯೇ ಎಂದು ನೋಡುತ್ತೇನೆ. ಹಾಕಿದ ಹೊಸತನ್ನು ಬಿಚ್ಚಿ ತೆಗೆಯಬಹುದೇ ಎಂದು ನೋಡುತ್ತೇನೆ. ಯಾವ ಭಾಗ ತೆಗೆದರು, ಏಕೆ ತೆಗೆದರು, ಬದಲಿಗೆ ಏನು ಹಾಕಿದರು ಎಂಬುದು ಫೋಟೋ ಸಮೇತ ಒಂದು ಪುಸ್ತಕದಲ್ಲಿ ದಾಖಲಾಗಿದೆಯೇ, ತೆಗೆದ ಭಾಗಗಳು ಗುಜರಿಗೆ ಹೋಗದೆ ಪೆಟ್ಟಿಗೆಯಲ್ಲಿವೆಯೇ ಎಂದು ಕೇಳುತ್ತೇನೆ. ಕೊನೆಯದಾಗಿ, ಆ ಕೆಲಸದ ಪಕ್ಕದಲ್ಲಿ ಕಲಿಯುವ ಹುಡುಗನೋ ಹುಡುಗಿಯೋ ನಿಂತಿದ್ದರೇ ಎಂದು ಕೇಳುತ್ತೇನೆ. ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬರಬೇಕಾದರೆ ಮಾಲೀಕರು ಒಂದು ಕೆಲಸ ಮಾಡಬೇಕು: ಕಾರನ್ನು ಲಾರಿಗೇರಿಸಿ ದೂರದ ದೊಡ್ಡ ಶೋರೂಮಿಗೆ ಕಳಿಸುವ ಮೊದಲು, ನಮ್ಮ ಊರುಗಳ ಹಿರಿಯ ಮೆಕ್ಯಾನಿಕ್ ಬಳಿ ಹೋಗಿ ಕೇಳಬೇಕು, ಐಟಿಐ ಓದುವ ಇಬ್ಬರನ್ನು ಅವರ ಜೊತೆಗೆ ನಿಲ್ಲಿಸಿ ಕೂಲಿ ಕೊಡಬೇಕು. ಹಾಗೆ ಎದ್ದು ನಿಂತ ಕಾರಿಗೆ ಮುಂದೆಯೂ ನೋಡಿಕೊಳ್ಳುವವರು ಊರಲ್ಲೇ ಇರುತ್ತಾರೆ. ನೋಡಿಕೊಳ್ಳುವವರಿಲ್ಲದೆ ಹೊಳೆಯುವ ಕಾರು ಮತ್ತೊಮ್ಮೆ ಮೂಲೆ ಸೇರುವುದು ಖಚಿತ.