ಟರ್ಮಿನಸ್ ಎಂಬ ಎಲ್ಲೆಗಲ್ಲು

ಡೊಂಬಿವಲಿಯ ಲೋಕಲ್ ಮೇಲೆ ಬರೆದ ಸಿಎಸ್‌ಎಂಟಿಯಲ್ಲಿ ಕೊನೆಯ ‘ಟಿ’, ಅಂದರೆ ಟರ್ಮಿನಸ್, ನನಗೆ ಬಲು ಪ್ರಿಯ. ಟರ್ಮಿನಸ್ ಲ್ಯಾಟಿನ್ನಿನ ಪುಲ್ಲಿಂಗ ನಾಮಪದ, ಮೂಲಾರ್ಥ ಎಲ್ಲೆಗಲ್ಲು. ದಾಟುವ ಅರ್ಥದ ಧಾತು, ಸಂಸ್ಕೃತದ ‘ತರಣ’ದ ಬಳಗ. ರೋಮನ್ನರಿಗೆ ಅದು ದೇವರೂ ಹೌದು: ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಕೂಡಿ ಗಡಿಕಲ್ಲಿಗೆ ಮಾಲೆ ಹಾಕಿ ಪೂಜಿಸುತ್ತಿದ್ದರು. ‘ಟರ್ಮಿನಿ’ ಎಂದರೆ ಪ್ರಥಮಾ ಬಹುವಚನ. ಏಕವಚನದ ಷಷ್ಠಿಯೂ ಅದೇ. ಒಂದೇ ರೂಪಕ್ಕೆ ಎರಡು ಕೆಲಸ, ಎಂಥ ಅಚ್ಚುಕಟ್ಟು!

1853ರಲ್ಲಿ ದೇಶದ ಮೊದಲ ಪ್ರಯಾಣಿಕ ರೈಲಿಗೆ ಠಾಣೆಯೇ ಟರ್ಮಿನಸ್. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಇದೇ ಠಾಣೆ ಶಿಲಾಹಾರರ ‘ಸ್ಥಾನಕ’. ಆ ಕಾಲದ ಗಧೇಗಾಳ್ ಕಲ್ಲುಗಳ ನೆತ್ತಿಯಲ್ಲಿ ಸೂರ್ಯಚಂದ್ರರು, ನಡುವೆ ಭೂದಾನದ ಬರಹ, ಕೆಳಗೆ ದತ್ತಿಗೆ ಕೈಹಾಕಿದವನಿಗೆ ಕತ್ತೆಯ ಶಾಪಚಿತ್ರ. ರೋಮಿನ ರೈತ ಕಂಡಿದ್ದರೆ ಆ ಕಲ್ಲುಗಳಿಗೂ ಮಾಲೆ ಹಾಕುತ್ತಿದ್ದ.